ಮೂರು ಮೂಲೆಯ ಗುಂಡುಸೂಜಿಗಳು

ಅರವತ್ತೊಂದು ದಿನದ ಕೂಲಿ ಬಾಕಿ ಇದೆ. ಕಂಪ್ಯೂಟರ್ ಕೋಣೆಯ ಅಕ್ಕನಿಗೆ ವಿಜ್ಞಾನ ಸಂಸ್ಥೆ ಕೊಡಬೇಕಾದದ್ದು. ಆ ದುಡ್ಡನ್ನು ಅವಳು ಇವತ್ತಲ್ಲ ನಾಳೆ ಕಿತ್ತುಕೊಂಡೇ ಬರುತ್ತಾಳೆ. ಅವಳನ್ನು ಬಲ್ಲವರಿಗೆ ಅದರಲ್ಲಿ ಅನುಮಾನವಿಲ್ಲ. ದುಡ್ಡಿಗಿಂತ ದೊಡ್ಡ ಬಾಕಿ ಇನ್ನೊಂದಿದೆ. ಅವಳ ಹಣೆಗೆ ಅಂಟಿಸಿದ ಒಂದು ಸಾಲು. ಅಚ್ಚಾಗಿ, ಊರೂರಿನ ಭೌತಶಾಸ್ತ್ರಜ್ಞರ ಮೇಜಿಗೆ ಹೋಗಿ ಕೂತಿರುವ ಸಾಲು. ಅದನ್ನು ವಾಪಸು ತೆಗೆದುಕೊಳ್ಳುವವರೆಗೆ ಬೇರೆ ಯಾವ ಕಂಪ್ಯೂಟರ್ ಕೋಣೆಯವರೂ ಅವಳನ್ನು ಹೊಸ್ತಿಲು ದಾಟಿಸುವುದಿಲ್ಲ.

ಹತ್ತೊಂಬತ್ತು ವರ್ಷ ಅವಳು ಆ ಕೋಣೆಯಲ್ಲಿ ದುಡಿದಳು. ಕಿಟಕಿಯಿಲ್ಲದ ಕೋಣೆ. ಆಳೆತ್ತರದ ಕರಿ ಬೀರುಗಳ ನಾಲ್ಕು ಸಾಲು, ಬೀರುಗಳ ತುಂಬ ಕಂಪ್ಯೂಟರು, ಅವುಗಳ ಮೈ ತಣ್ಣಗಿಡಲು ಹಗಲಿರುಳು ಬುಸುಗುಟ್ಟುವ ಎರಡು ಯಂತ್ರ. ಹೊರಗೆ ಟಾರು ಕರಗುವ ಬಿಸಿಲಿದ್ದರೂ ಒಳಗೆ ಅವಳಿಗೆ ಸ್ವೆಟರು, ಕಾಲುಚೀಲ. ವಿಜ್ಞಾನಿಗಳು ಕೊಟ್ಟ ಲೆಕ್ಕವನ್ನು ಓಡಿಸುವುದು, ನಿಂತದ್ದನ್ನು ಎಬ್ಬಿಸುವುದು, ಸತ್ತ ಡಿಸ್ಕ್ ಬದಲಿಸುವುದು, ಮಾಡಿದ್ದನ್ನೆಲ್ಲ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಯಾವ ಬೀರುವಿನ ಫ್ಯಾನು ಕೆಮ್ಮುತ್ತಿದೆ ಅಂತ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು.

ಆ ಲೆಕ್ಕ ಯಾವುದರದು ಅಂತ ಕೇಳುವುದು ಅವಳ ಕೆಲಸವಲ್ಲ. ಆದರೂ ಕೇಳಿದಳು. ಆಗ ವಿಭಾಗದಲ್ಲಿ ದೊಡ್ಡವರೆಂದರೆ ಮುದುಕ ಮೇಷ್ಟ್ರು. ಉಲ್ಲನ್ ಟೋಪಿ ಹಾಕಿಕೊಂಡು ದಿನಾ ಆ ಚಳಿಗೆ ಬಂದು ಕೂರುತ್ತಿದ್ದ ವಿಜ್ಞಾನಿ ಅವರೊಬ್ಬರೇ.

"ಮೇಷ್ಟ್ರೇ, ಇಷ್ಟು ಕರೆಂಟು ಸುಟ್ಟು ನೀವು ಹುಡುಕ್ತಿರೋದಾದ್ರೂ ಏನು?"

"ಕಣದ ಹೊಟ್ಟೆಯೊಳಗೆ ಕ್ವಾರ್ಕ್ ಅಂತ ಚೂರುಗಳಿವೆ ಕಣಮ್ಮಾ. ಒಂದನ್ನ ಒಂಟಿಯಾಗಿ ಆಚೆ ಎಳೆಯೋಕೆ ಹೋದ್ರೆ ನಡುವೆ ಹಗ್ಗ ಕಟ್ಟಿದಂಗೆ ಬಿಗಿಯುತ್ತೆ. ಎಳೆದಷ್ಟೂ ಬಿಡಲ್ಲ. ಅದು ಕಟ್ಟು. ಆದ್ರೆ ಸಿಕ್ಕಾಪಟ್ಟೆ ಕಾಯಿಸಿದ್ರೆ, ಮಂಜುಗಡ್ಡೆ ನೀರಾಗುತ್ತಲ್ಲ ಹಾಗೆ, ಒಂದು ಬಿಸೀಲಿ ಹಗ್ಗ ಕಳಚಿಕೊಳ್ಳುತ್ತೆ. ಅದು ಬಿಡುಗಡೆ. ಕಟ್ಟು ಎಲ್ಲಿ ಮುಗೀತು, ಬಿಡುಗಡೆ ಎಲ್ಲಿ ಶುರುವಾಯ್ತು? ಆ ಗೆರೆ ಹುಡುಕ್ತಿದೀವಿ."

"ಗೆರೆ ದಾಟಿದ್ದು ಗೊತ್ತಾಗೋದು ಹೇಗೆ?"

ಮೇಷ್ಟ್ರು ಮರುದಿನ ಒಂದು ದೊಡ್ಡ ಮೆತ್ತೆ ಬೋರ್ಡು, ಗ್ರಾಫ್ ಹಾಳೆ, ಬಣ್ಣದ ತಲೆಯ ಗುಂಡುಸೂಜಿ ತಂದರು. ಒಂದೊಂದು ಬಿಸಿಗೂ ಒಂದೊಂದು ಹಾಳೆ. ಲೆಕ್ಕದ ಒಂದು ಓಟ ಮುಗಿದಾಗ ಒಂದು ಜೋಡಿ ಸಂಖ್ಯೆ ಬರುತ್ತದೆ. ಹಾಳೆಯ ಮೇಲೆ ಅದರ ಜಾಗ ಹುಡುಕಿ ಸೂಜಿ ಚುಚ್ಚಬೇಕು. ಓಟಗಳನ್ನು ಮೂರು ಕಡೆಯಿಂದ ಹೊರಡಿಸಬೇಕು, ಒಂದೊಂದು ಕಡೆಗೆ ಒಂದೊಂದು ಬಣ್ಣ: ಕೆಂಪು, ಹಸಿರು, ಹಳದಿ. ಬಿಸಿ ಕಡಿಮೆಯಿದ್ದರೆ ಎಲ್ಲಿಂದ ಹೊರಟ ಸೂಜಿಯೂ ಹಾಳೆಯ ನಡುವಿಗೇ ಬಂದು ಗುಂಪುಗೂಡುತ್ತಿತ್ತು. ಅಂದರೆ ಕಟ್ಟು. ಗೆರೆ ದಾಟಿದ ಮೇಲೆ ನಡು ಖಾಲಿ. ಕೆಂಪು ಒಂದು ಮೂಲೆಗೆ, ಹಸಿರು ಒಂದು ಮೂಲೆಗೆ, ಹಳದಿ ಇನ್ನೊಂದಕ್ಕೆ. ತ್ರಿಕೋನದ ಮೂರು ತುದಿ ಇಟ್ಟ ಹಾಗೆ.

"ಯಾಕೆ ಮೂರು?" ಅಂದಳು ಅಕ್ಕ.

"ಬಸ್ಸಲ್ಲಿ ಮೂರು ಸೀಟು ಖಾಲಿ ಇದೆ ಅಂತಿಟ್ಕೊ. ಮೂರೂ ಒಂದೇ ಥರ, ಯಾವುದಕ್ಕೂ ಹೆಚ್ಚುಗಾರಿಕೆ ಇಲ್ಲ. ಅದನ್ನೇ ನಾವು ಸಮಮಿತಿ ಅನ್ನೋದು. ಆದ್ರೆ ಕೂರೋಳು ಒಂದರಲ್ಲೇ ತಾನೇ ಕೂರಬೇಕು? ಕೂತ ತಕ್ಷಣ ಆ ಸಮಾನತೆ ಮುರೀತು. ಇಷ್ಟೇ."

"ಮೂರರಲ್ಲೂ ಒಟ್ಟಿಗೆ ಕೂರೋರೂ ಇರ್ತಾರೆ ಮೇಷ್ಟ್ರೇ. ನಮ್ಮ ಬೀದಿ ಸಾಹುಕಾರನ್ನ ನೋಡಿಲ್ಲ ನೀವು."

ಮೇಷ್ಟ್ರು ಟೋಪಿ ಉದುರುವಷ್ಟು ನಕ್ಕರು. ಅವರು ಕಲಿಸಿದ ಕಟ್ಟಳೆ ಒಂದೇ: ಕೂಡುವ ಮೊದಲು ನೋಡು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಟೀ ಲೋಟ ಹಿಡಿದು ಹೊರಗಿನ ವರಾಂಡದಲ್ಲಿದ್ದ ಬೋರ್ಡಿನ ಮುಂದೆ ನಿಲ್ಲಬೇಕು; ಸೂಜಿ ನೋಡುವ ಮೊದಲು ಯಾರೂ ಒಟ್ಟು ಹಾಕಿ ಸರಾಸರಿ ತೆಗೆಯುವ ಹಾಗಿಲ್ಲ. ಮೂರು ಮೂಲೆಯ ಸಂಖ್ಯೆಗಳನ್ನು ಹಾಗೇ ಕೂಡಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ಬರುತ್ತದೆ. ಬಿಡುಗಡೆಯಾದದ್ದು ಕಟ್ಟಿನಲ್ಲೇ ಇರುವ ಹಾಗೆ ಕಾಣುತ್ತದೆ. ಅದಕ್ಕೇ ಅವರ ಪ್ರೋಗ್ರಾಮಿನಲ್ಲಿ ಒಂದು ಸಾಲು ಇತ್ತು: ಮೊದಲು ಮೂರೂ ಗುಂಪನ್ನು ಒಂದೇ ಮೂಲೆಗೆ ತಿರುಗಿಸು, ಆಮೇಲೆ ಕೂಡು.

ಮೇಷ್ಟ್ರು ನಿವೃತ್ತರಾದರು. ಎರಡು ವರ್ಷದಲ್ಲಿ ಹೋಗಿಯೂಬಿಟ್ಟರು. ಅವರ ಕುರ್ಚಿಗೆ ಹೊಸ ಮುಖ್ಯಸ್ಥ ಬಂದ. ಸ್ಟ್ರಿಂಗ್ ಥಿಯರಿಯ ಆಸಾಮಿ. ಮೇಷ್ಟ್ರು ಹೇಳುತ್ತಿದ್ದ ಆ ಹಗ್ಗವನ್ನೇ ಹಿಡಿದು, ಇದು ಬೇರೊಂದು ದೊಡ್ಡ ಆಕಾಶದಲ್ಲಿ ತೂಗುವ ತಂತಿ ಅಂತ ಗೋಡೆ ತುಂಬ ಬರೆಯಬಲ್ಲವನು. ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಒಂದು ದಿನವೂ ಆ ತಣ್ಣನೆ ಕೋಣೆಗೆ ಕಾಲಿಡಲಿಲ್ಲ. ಬಂದ ವಾರವೇ ಸೂಜಿ ಬೋರ್ಡು ಕೀಳಿಸಿ ಆ ಜಾಗದಲ್ಲಿ ಟಿವಿ ಹಾಕಿಸಿದ. ಅವನ ಭಾಷಣಗಳು ಅದರಲ್ಲಿ ಸುತ್ತುತ್ತಿದ್ದವು. ಬೋರ್ಡು ಗುಜರಿಗೆ ಅಂತ ಬರೆದರು. ಅಕ್ಕ ಅದನ್ನು ಎಳೆದುಕೊಂಡು ಹೋಗಿ ತಣ್ಣಗಿಡುವ ಯಂತ್ರದ ಹಿಂದೆ ನಿಲ್ಲಿಸಿಕೊಂಡಳು. ದಿನಾ ಬೆಳಿಗ್ಗೆ ಸೂಜಿ ಚುಚ್ಚುವುದನ್ನು ಬಿಡಲಿಲ್ಲ. ಹಲ್ಲುಜ್ಜುವುದನ್ನು ಯಾರಾದರೂ ಬಿಡುತ್ತಾರೆಯೇ?

ಅದೇ ವರ್ಷ ಅವಳ ಹುದ್ದೆಯ ಹೆಸರೂ ಬದಲಾಯಿತು. ಆಪರೇಟರ್ ಹೋಗಿ "ಹೊರಗಿನ ಸೇವಾದಾರರು" ಆಯಿತು. ಸಂಬಳ ಇನ್ನು ಕಾಂಟ್ರಾಕ್ಟರ್ ಮೂಲಕ. "ಹೆಸರಷ್ಟೇ ಬದಲು, ಮಿಕ್ಕಿದ್ದೆಲ್ಲ ಮೊದಲಿನ ಹಾಗೇ," ಅಂದರು ಕಚೇರಿಯವರು.

ಹೋದ ವರ್ಷ ಒಬ್ಬ ಹೊಸ ಸಂಶೋಧಕ ಬಂದ. ಎರಡು ವರ್ಷದ ಕರಾರು, ಆಸೆ ಇಪ್ಪತ್ತು ವರ್ಷದ್ದು. ಒಂದು ದಿನ ತೋಳು ಉಜ್ಜಿಕೊಳ್ಳುತ್ತ ಅಕ್ಕನ ಕೋಣೆಗೆ ಬಂದ.

"ಅಕ್ಕಾ, ಮೂರು ಕಡೆಯಿಂದ ಹೊರಟ ಓಟಗಳೆಲ್ಲ ಒಂದೇ ಫೋಲ್ಡರಲ್ಲಿ ಇದಾವಲ್ಲ, ಸರಿನಾ?"

"ಸರಿ ತಮ್ಮಾ. ಮೊದಲಿಂದ್ಲೂ ಹಾಗೇ. ಪ್ರೋಗ್ರಾಮಲ್ಲಿ ತಿರುಗಿಸೋ ಸಾಲು ಇದೆಯಲ್ಲ, ಅದು ನೋಡ್ಕೊಳ್ಳುತ್ತೆ."

"ಆ ಸಾಲು ತೆಗೆದ್ಬಿಟ್ಟೆ. ಮೂರೂ ಮೂಲೆ ಒಂದೇ ಅಂದ್ಮೇಲೆ ತಿರುಗಿಸೋದು ದಂಡ. ಸಮಮಿತಿ ಅಕ್ಕಾ, ಸಮಮಿತಿ!"

ಅಕ್ಕ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟಳು. "ಮೂರೂ ಒಂದೇ ಅನ್ನೋದು ನಿಜ ತಮ್ಮಾ. ಆದ್ರೆ ತಿರುಗಿಸದೆ ಕೂಡಿದ್ರೆ ಸೊನ್ನೆ ಬರುತ್ತೆ. ಬಾ ಇಲ್ಲಿ, ಯಂತ್ರದ ಹಿಂದೆ ಬೋರ್ಡಿದೆ, ಒಂದು ಸಲ ಕಣ್ಣಾರೆ ನೋಡು."

"ನೋಡ್ತೀನಿ, ನೋಡ್ತೀನಿ. ಅಬ್ಬಾ, ಇದೇನು ಚಳಿ ಅಕ್ಕಾ, ಹಲ್ಲು ಕಟಕಟ ಅಂತಿದೆ!" ಅಂದವನು ಹೊರಟೇ ಹೋದ.

ಅಕ್ಕ ತಾರೀಖು ಹಾಕಿ ಪುಸ್ತಕದಲ್ಲಿ ಬರೆದಳು. ಮುಖ್ಯಸ್ಥನಿಗೂ ಒಂದು ಚೀಟಿ ಕಳಿಸಿದಳು. ಉತ್ತರ ಸಂಶೋಧಕನ ಬಾಯಲ್ಲಿ ಬಂತು: "ಏಸಿ ಸರಿಯಾಗಿ ನೋಡ್ಕೊಳ್ಳೋಕೆ ಹೇಳು ಅಂದ್ರು ಅಕ್ಕಾ." ಅವನು ಅದನ್ನು ತಮಾಷೆ ಅಂದುಕೊಂಡಿದ್ದ.

ಸೊನ್ನೆ ಬರಬೇಕಾದ್ದೇ, ಬಂತು. ಎಲ್ಲರೂ ಬಿಡುಗಡೆ ಅನ್ನುತ್ತಿದ್ದ ಬಿಸಿಯಲ್ಲೂ ಕಟ್ಟು ಉಳಿದಿದೆ, ಇದು ಹಿಂದೆ ಯಾರೂ ಕಾಣದ ಹೊಸ ಸ್ಥಿತಿ ಅಂತ ಸಂಶೋಧಕ, ಮುಖ್ಯಸ್ಥ ಇಬ್ಬರೂ ಕುಣಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಲೋಕದಲ್ಲಿ ಕಮ್ಮಿಯೇ? ಪ್ರಬಂಧ ಅಚ್ಚಾಯಿತು. ಮುಖ್ಯಸ್ಥನ ಸ್ಟ್ರಿಂಗ್ ಲೆಕ್ಕಕ್ಕೆ ಅದು ಬೀಗಕ್ಕೆ ಕೀಲಿಯ ಹಾಗೆ ಕೂತಿತು. ಕೂರುವ ಹಾಗೆಯೇ ಕೀಲಿ ಮಾಡಿದ್ದರು. ಟಿವಿಯಲ್ಲಿ ಹೊಸ ಭಾಷಣ ಸುತ್ತಿತು. ಆರು ತಿಂಗಳ ಮೇಲೆ ದೂರದ ಇನ್ನೊಂದು ತಂಡದವರು ಅದೇ ಲೆಕ್ಕ ಓಡಿಸಿ, ಹೊಸ ಸ್ಥಿತಿಯೂ ಇಲ್ಲ ಹಳೇ ಸ್ಥಿತಿಯೂ ಇಲ್ಲ, ನಿಮ್ಮ ಸರಾಸರಿ ತಪ್ಪು ಅಂತ ನಾಲ್ಕು ಪುಟದಲ್ಲಿ ಬಟ್ಟೆ ಬಿಚ್ಚಿ ನಿಲ್ಲಿಸಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮುಂದಿನ ಸೋಮವಾರ ಅಕ್ಕನ ಕೈಗೆ ಕಾಗದ ಬಂತು: ಬೇರೆ ಬೇರೆ ಕಡೆಯಿಂದ ಹೊರಟ ಓಟಗಳನ್ನು ಆಪರೇಟರ್ ಒಂದೇ ಫೋಲ್ಡರಿಗೆ ಬೆರೆಸಿ ಮಾಹಿತಿ ಕೆಡಿಸಿದ್ದಾರೆ, ವಿಚಾರಣೆ ಮುಗಿಯುವವರೆಗೆ ಕೆಲಸವಿಲ್ಲ, ಈಗಾಗಲೇ ದುಡಿದ ಅರವತ್ತೊಂದು ದಿನದ ಕೂಲಿಯನ್ನೂ ತಡೆಹಿಡಿಯಲಾಗಿದೆ. ಬರೆದ ಪುಸ್ತಕವನ್ನು ಅವಳ ಮೇಜಿನಿಂದ ಎತ್ತಿಕೊಂಡು ಹೋದರು. ದುಡ್ಡು ಕೊಡುವಾಗ ಹೊರಗಿನ ಸೇವಾದಾರಳು, ತಪ್ಪು ಹೊರಿಸುವಾಗ ಮತ್ತೆ ಆಪರೇಟರ್!

ಮನೆಯಲ್ಲಿ ಅತ್ತೆ ಬಾಗಿಲ ಬೆಳಕಿಗೆ ಕೂತು ಅಂಗಿಗಳಿಗೆ ಗುಂಡಿಕಾಜು ಹೊಲಿಯುತ್ತಿದ್ದಳು. ಗಾರ್ಮೆಂಟ್ಸಿನಿಂದ ಕಟ್ಟು ಕಟ್ಟಾಗಿ ಬರುವ ಕೆಲಸ. ಸೊಸೆಗೂ ಅವಳಿಗೂ ಇಪ್ಪತ್ತೆರಡು ವರ್ಷದ ಜಟಾಪಟಿ. ಕಾಗದ ಓದಿಸಿ ಕೇಳಿದಳು.

"ಅಲ್ಲ ಕಣೇ, ನೀನು ಹೇಳಿದ್ದೆ ತಾನೇ ಅವನಿಗೆ, ಕೂಡಬೇಡ ಅಂತ?"

"ಹೇಳಿದ್ದೆ ಅತ್ತೆ."

"ನನಗೆ ನಿನ್ನ ಗ್ರಾಫು ಗೀಫು ತಿಳಿಯಲ್ಲ. ಈ ಬಟ್ಟೇನ ನಾನೊಂದು ಕಡೆ, ನೀನೊಂದು ಕಡೆ, ಅವನೊಂದು ಕಡೆ ಒಂದೇ ಸಮ ಎಳೆದ್ವಿ ಅನ್ನು. ಬಟ್ಟೆ ನಿಂತಲ್ಲೇ ನಿಂತಿರುತ್ತೆ. ಅದನ್ನ ನೋಡಿ, ಯಾರೂ ಎಳೀತಾನೇ ಇಲ್ಲ ಅಂತಾನಾ ಆ ನಿನ್ನ ಸಾಹೇಬ?"

"ಹಂಗೇ ಅಂದಿದ್ದು ಅತ್ತೆ. ಹಂಗಂತ ಅಚ್ಚು ಹಾಕ್ಸಿದ್ದು."

"ಹಾಗಾದ್ರೆ ಕೇಳು. ನಿನ್ನ ಮೇಲೆ ತಪ್ಪು ಹೊರಿಸೋ ಹಕ್ಕು ಈ ಭೂಮಿ ಮೇಲೆ ಇರೋದು ನನಗೊಬ್ಬಳಿಗೆ. ಅವನ್ಯಾರು ನಡುವೆ ಬರೋಕೆ?"

ಲಿಫ್ಟ್ ರಿಪೇರಿಯ ಗಂಡ ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಲಿಫ್ಟ್ ನಿಂತಾಗ್ಲೂ ಅಷ್ಟೇ. ಒಳಗೆ ಸಿಕ್ಕಾಕೊಂಡೋನನ್ನೇ ಬೈತಾರೆ, ಯಾಕಯ್ಯಾ ಅಷ್ಟು ಸಲ ಬಟನ್ ಒತ್ತಿದೆ ಅಂತ," ಅಂದ.

ಅಕ್ಕ ಮೊದಲು ಕಚೇರಿ ಸುತ್ತಿದಳು. ಸಂಬಳದ ಕೌಂಟರಿನವರು, ನಮ್ಮಲ್ಲಿ ಎಲ್ಲ ಸರಿಯಿದೆ, ಕಾಂಟ್ರಾಕ್ಟರನ್ನು ಕೇಳಿ ಅಂದರು. ಕಾಂಟ್ರಾಕ್ಟರ್, ನಮ್ಮ ಕಡೆ ಎಲ್ಲ ಸರಿಯಿದೆ, ವಿಭಾಗ ಹಾಜರಿ ಕಳಿಸಬೇಕು ಅಂದ. ವಿಭಾಗದವರು, ಹಾಜರಿ ಕಳಿಸಾಯಿತು, ಆಡಳಿತಾಧಿಕಾರಿ ಸಹಿ ಬೇಕು ಅಂದರು. ಆಡಳಿತಾಧಿಕಾರಿ, ಇದು ಸಂಬಳದ ಕೌಂಟರಿನ ವಿಷಯ ಅಂದ. ನಾಲ್ಕು ಬಾಗಿಲು ದಾಟಿ ಹೊರಟಲ್ಲಿಗೇ ಬಂದಾಗ ಅವಳಿಗೆ ಮೇಷ್ಟ್ರ ಮಾತು ನೆನಪಾಯಿತು. ಗೇಜ್ ಸಿದ್ಧಾಂತದ ಮೊದಲ ಪಾಠ ಅಂತ ಹೇಳಿದ್ದರು: ಒಂದೊಂದು ಜಾಗದಲ್ಲೂ ಅಳತೆಗೆ ಏನು ಹೆಸರು ಬೇಕಾದರೂ ಇಟ್ಟುಕೋ, ಹೆಸರಿನಿಂದ ವಸ್ತು ಬದಲಾಗುವುದಿಲ್ಲ. ನಿಜ ಗೊತ್ತಾಗಬೇಕಾದರೆ ಪೂರಾ ಒಂದು ಸುತ್ತು ಹಾಕಿ ಹೊರಟ ಜಾಗಕ್ಕೆ ವಾಪಸು ಬಾ. ಆಗ ಏನು ವ್ಯತ್ಯಾಸ ಉಳಿಯುತ್ತದೋ ಅದನ್ನು ಯಾವ ಹೆಸರಿನಿಂದಲೂ ಅಳಿಸಲಾಗದು. ಅವಳು ಸುತ್ತು ಹಾಕಿ ಬಂದಿದ್ದಳು. ಪ್ರತಿ ಬಾಗಿಲಲ್ಲೂ ಎಲ್ಲ ಸರಿಯಿತ್ತು. ಅವಳ ಕೈ ಮಾತ್ರ ಖಾಲಿಯಿತ್ತು.

ವಿಚಾರಣೆಯ ದಿನ ಬೆಳಿಗ್ಗೆ, ಪಾಳಿ ಬದಲಾಗುವ ಹೊತ್ತಿಗೆ, ಗೇಟಿನ ಕಾವಲಿನವನು ಆ ಕಡೆ ಮುಖ ಮಾಡಿ ಬೀಡಿ ಹಚ್ಚಿದ. ಅಕ್ಕ, ಅವಳ ಗಂಡ ಬೋರ್ಡನ್ನು ಯಂತ್ರದ ಹಿಂದಿನಿಂದ ಎತ್ತಿಕೊಂಡು ಮೂರು ಮಹಡಿ ಹತ್ತಿದರು. ಲಿಫ್ಟ್ ಕೆಟ್ಟಿತ್ತು. "ನನ್ನ ಗಿರಾಕಿ ಅಲ್ಲ ಇವರು," ಅಂದ ಗಂಡ ಏದುಸಿರು ಬಿಡುತ್ತ. "ಆಗಿದ್ರೂ ಇವತ್ತು ಮುಟ್ತಿರ್ಲಿಲ್ಲ."

ಕನ್ನಡಿಯಂತೆ ಹೊಳೆಯುವ ಮೇಜು. ನಡುವಿನ ಕುರ್ಚಿಯಲ್ಲಿ ಯಾರು? ಅದೇ ಮುಖ್ಯಸ್ಥ! ಪ್ರಬಂಧ ಬರೆದವನೇ ವಿಚಾರಣೆಯ ಅಧ್ಯಕ್ಷ. ಬೇಲಿಗೇ ಹೊಲದ ಪಂಚಾಯ್ತಿ ಕೊಟ್ಟಿದ್ದರು. ಎಡಕ್ಕೆ ಆಡಳಿತಾಧಿಕಾರಿ, ಬಲಕ್ಕೆ ಹೊರಗಿನಿಂದ ಕರೆಸಿದ ಒಬ್ಬ ಹಿರಿಯ ಪ್ರೊಫೆಸರಮ್ಮ. ಮೂಲೆಯಲ್ಲಿ ಸಂಶೋಧಕ, ಶೂ ತುದಿ ನೋಡುತ್ತ.

"ಕೂತ್ಕೊಳ್ಳಿ," ಅಂದ ಆಡಳಿತಾಧಿಕಾರಿ.

"ನಿಂತೇ ಇರ್ತೀನಿ ಸಾರ್. ಬೋರ್ಡ್ ಹಿಡ್ಕೋಬೇಕು."

ಪ್ರೊಫೆಸರಮ್ಮ ಕನ್ನಡಕ ಏರಿಸಿ ಎದ್ದು ಬಂದಳು. "ಇದು ಕಡಿಮೆ ಬಿಸೀದಾ?"

"ಹೌದು ಮೇಡಂ. ಮೂವತ್ತು ಓಟ. ಮೂರೂ ಬಣ್ಣ ನಡುವೇನೇ ಇದೆ ನೋಡಿ. ಕಟ್ಟು."

"ಈ ಕಡೆಯದು?"

"ಅದು ಇವರು ಹೊಸ ಸ್ಥಿತಿ ಅಂತ ಅಚ್ಚು ಹಾಕಿಸಿದ ಬಿಸಿ."

ಹಾಳೆಯ ನಡುವೆ ಒಂದು ಸೂಜಿಯೂ ಇರಲಿಲ್ಲ. ಹತ್ತು ಕೆಂಪು, ಹತ್ತು ಹಸಿರು, ಹತ್ತು ಹಳದಿ, ಮೂರು ಮೂಲೆಗೆ. ಪ್ರೊಫೆಸರಮ್ಮ ಒಮ್ಮೆ ನಕ್ಕಳು, ಮುಖ್ಯಸ್ಥನ ಮುಖ ನೋಡಿ ನಗು ನುಂಗಿದಳು. ಮೊದಲ ವರ್ಷದ ವಿದ್ಯಾರ್ಥಿಗೂ ಕಾಣುವಂಥ ಚಿತ್ರ ಅದು. ಆ ಕೋಣೆಯಲ್ಲಿದ್ದ ಎಲ್ಲರಿಗೂ ಕಂಡಿತು. ಕಂಡಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಯಾರೂ ಕಾಣಲಿಲ್ಲ ಅನ್ನುತ್ತಾರೆ.

ಮುಖ್ಯಸ್ಥ ಗಂಟಲು ಸರಿಮಾಡಿಕೊಂಡ. "ನೋಡಮ್ಮಾ, ನಮ್ಮ ಶಾಸ್ತ್ರದಲ್ಲಿ ಒಂದೇ ವಸ್ತುವಿಗೆ ಎರಡು ವರ್ಣನೆ ಇರುತ್ತೆ. ಒಂದರಲ್ಲಿ ಅದು ಕಣಗಳ ಗುಂಪು, ಇನ್ನೊಂದರಲ್ಲಿ ತಂತಿ. ಎರಡೂ ಸರಿನೇ. ಇದನ್ನೂ ಹಾಗೇ ತಿಳ್ಕೊ. ನಿನ್ನದೊಂದು ವರ್ಣನೆ, ನಮ್ಮದೊಂದು."

"ಮೇಷ್ಟ್ರು ಅದನ್ನ ನನಗೂ ಹೇಳಿದ್ರು ಸಾರ್. ವರ್ಣನೆ ಎರಡಿರಬಹುದು, ಆದ್ರೆ ಒಂದೇ ಪ್ರಶ್ನೆ ಕೇಳಿದ್ರೆ ಎರಡೂ ಒಂದೇ ಉತ್ತರ ಕೊಡ್ಬೇಕು. ಇಲ್ದಿದ್ರೆ ಅವು ಒಂದೇ ವಸ್ತುವಿನ ವರ್ಣನೆ ಅಲ್ಲ. ನನ್ನ ಪ್ರಶ್ನೆ ಒಂದೇ. ತಿರುಗಿಸೋ ಸಾಲು ಅಳಿಸಿದ್ದು ಯಾರು? ನನ್ನ ವರ್ಣನೇಲಿ ಆ ಮೂಲೇಲಿ ಕೂತಿದಾರಲ್ಲ, ಅವರು. ನಿಮ್ಮ ವರ್ಣನೇಲಿ ಆ ಪ್ರಶ್ನೆನೇ ಇಲ್ಲ. ಇದು ಎರಡು ವರ್ಣನೆ ಅಲ್ಲ ಸಾರ್. ಒಂದು ಸುಳ್ಳು."

ಆಡಳಿತಾಧಿಕಾರಿಗೆ ಮೈಮೇಲೆ ಬಂತು. "ಈ ಬೋರ್ಡು ದಾಸ್ತಾನು ಪಟ್ಟಿಯಲ್ಲೇ ಇಲ್ಲ! ನಾಲ್ಕು ವರ್ಷದ ಹಿಂದೆ ಗುಜರಿಗೆ ಹೋಗಿದೆ ಅಂತ ದಾಖಲೆ ಇದೆ. ಇಲ್ಲದಿರೋ ವಸ್ತು ಸಾಕ್ಷಿ ಹೇಗಾಗುತ್ತೆ?"

"ಪಟ್ಟೀಲಿ ನಾನೂ ಇಲ್ಲ ಸಾರ್, ಸೇವಾದಾರಳು ಅಂತ ಮಾಡಿದ್ರಲ್ಲ. ಇಲ್ಲದಿರೋಳ ಮೇಲೆ ತಪ್ಪು ಹೇಗೆ ಹೊರಿಸಿದ್ರಿ? ಹೋಗ್ಲಿ, ನನ್ನ ಪುಸ್ತಕ ತೆಗೀರಿ. ತಾರೀಖು ಸಮೇತ ಬರೆದಿದೀನಿ."

ಪುಸ್ತಕ ಸಿಗುತ್ತಿಲ್ಲ ಅಂದರು. ಹತ್ತೊಂಬತ್ತು ವರ್ಷ ಒಂದು ಪುಟ ಕಳೆಯದೆ ಅವಳು ಕಾಪಾಡಿದ ಪುಸ್ತಕ, ಅವರ ಕೈಯಲ್ಲಿ ಒಂಬತ್ತು ವಾರ ಬದುಕಲಿಲ್ಲ. ಪ್ರೊಫೆಸರಮ್ಮ ಕೈಗಡಿಯಾರ ನೋಡಿಕೊಂಡಳು, ಕಾರು ಕಾಯುತ್ತಿದೆ ಅಂದಳು, ತಪ್ಪು ಆಪರೇಟರದೇ ಅನ್ನುವ ವರದಿಗೆ ಸಹಿ ಹಾಕಿದಳು. ಹೋಗುವಾಗ ಅಕ್ಕನ ಭುಜ ಮುಟ್ಟಿ, "ತುಂಬಾ ಅಚ್ಚುಕಟ್ಟಾದ ಕೆಲಸ," ಅಂದಳು. ಆ ಕೈಯನ್ನು ಅಕ್ಕ ಎತ್ತಿ ಪಕ್ಕಕ್ಕಿಟ್ಟಳು.

ಮೆಟ್ಟಿಲ ತಿರುವಿನಲ್ಲಿ ಸಂಶೋಧಕ ಓಡಿಬಂದ. "ಅಕ್ಕಾ, ನಂದೂ ಕರಾರು ಕೆಲಸ. ಬಾಯಿ ಬಿಟ್ರೆ ಮುಂದಿನ ವರ್ಷ ಎಲ್ಲೂ ಸೇರಿಸ್ಕೊಳ್ಳಲ್ಲ. ನಿಮಗೆ ಅರ್ಥ ಆಗುತ್ತೆ ಅಲ್ವಾ?"

"ಆಗುತ್ತೆ ತಮ್ಮಾ. ತಪ್ಪು ಮಾಡಿದ್ದಕ್ಕೆ ನಿನ್ನ ಮೇಲೆ ನಂಗೆ ಕೋಪ ಇಲ್ಲ. ನಾನೂ ಒಂದ್ಸಲ ತಪ್ಪು ವಯರ್ ಎಳೆದು ಮೂರು ದಿನದ ಲೆಕ್ಕ ಸಾಯ್ಸಿದೀನಿ. ಅವತ್ತೇ ಹೋಗಿ ಮೇಷ್ಟ್ರಿಗೆ ಹೇಳ್ದೆ. ನಿನ್ನ ತಪ್ಪನ್ನ ನನ್ನ ತಲೇಲಿ ಇಟ್ಟು, ನನ್ನಿಂದಾನೇ ಅರ್ಥ ಆಗುತ್ತೆ ಅನ್ನಿಸ್ಕೊಳ್ಳೋಕೆ ಬಂದಿದೀಯಲ್ಲ, ಅದಕ್ಕೆ ಕೋಪ. ದಾರಿ ಬಿಡು, ಬೋರ್ಡ್ ಭಾರ ಇದೆ."

ತಿಂಗಳ ಮೇಲೆ, ಪ್ರಬಂಧ ಬಂದಿದ್ದ ಪತ್ರಿಕೆಯಲ್ಲೇ ತಿದ್ದುಪಡಿ ಅಚ್ಚಾಯಿತು. ಐದು ಸಾಲು. ಮೂರನೆಯದು ಹೀಗಿದೆ: "ಕಂಪ್ಯೂಟರ್ ಆಪರೇಟರ್ ಮಾಹಿತಿಯನ್ನು ತಪ್ಪಾಗಿ ಬೆರೆಸಿದ್ದರಿಂದ ಈ ದೋಷ ಉಂಟಾಗಿದೆ." ಹತ್ತೊಂಬತ್ತು ವರ್ಷದಲ್ಲಿ ನೂರಾರು ಪ್ರಬಂಧ ಆ ಕೋಣೆಯಿಂದ ಹೊರಬಿದ್ದವು. ಮೇಷ್ಟ್ರು ಬರೆದವನ್ನು ಬಿಟ್ಟರೆ ಒಂದರಲ್ಲೂ ಅವಳಿಗೆ ಒಂದು ಥ್ಯಾಂಕ್ಸ್ ಇಲ್ಲ. ಮೇಷ್ಟ್ರು ಹೋದ ಮೇಲೆ ಅವಳ ಸುಳಿವು ಮೊದಲ ಸಲ ಅಚ್ಚಿಗೆ ಬಂದದ್ದು ಹೀಗೆ. ಸಂಶೋಧಕನಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಮುಖ್ಯಸ್ಥ ಟಿವಿಯಲ್ಲಿ ಸುತ್ತುತ್ತಲೇ ಇದ್ದಾನೆ.

ಅಕ್ಕ ಈಗ ಪ್ರತಿ ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಎದುರಿನ ಫುಟ್‌ಪಾತಿನಲ್ಲಿ ಬೋರ್ಡು ನಿಲ್ಲಿಸಿ ಕೂರುತ್ತಾಳೆ. ಅತ್ತೆ ಜೊತೆಗೆ ಬರುತ್ತಾಳೆ, ಹೊಲಿಗೆಯ ಕಟ್ಟು ತರುತ್ತಾಳೆ, ಒಳಗೆ ಹೋಗುವ ವಿದ್ಯಾರ್ಥಿಗಳನ್ನು ತಡೆದು ಬಟ್ಟೆಯ ಮೂರು ತುದಿ ಹಿಡಿಸಿ ಎಳೆಸುತ್ತಾಳೆ. "ಎಳೀತಿದೀಯೋ ಇಲ್ವೋ? ಬಟ್ಟೆ ಸರೀತಾ? ಹಾಂ! ಈಗ ಒಳಗೆ ಹೋಗಿ ನಿಮ್ಮ ಸಾಹೇಬ್ರಿಗೆ ಪಾಠ ಹೇಳು ಹೋಗಪ್ಪಾ." ಹುಡುಗರು ನಗುತ್ತಾರೆ, ಸೂಜಿ ನೋಡುತ್ತಾರೆ, ನಗು ನಿಲ್ಲಿಸುತ್ತಾರೆ, ಒಳಗೆ ಹೋಗುತ್ತಾರೆ. ಒಳಗೆ ಹೋದ ಮೇಲೆ ಬಾಯಿ ಹೊಲಿದುಕೊಳ್ಳುತ್ತಾರೆ. ಬೋರ್ಡು ಕದ್ದಳೆಂದು ಸಂಸ್ಥೆ ದೂರು ಬರೆದಿದೆಯಂತೆ. ಬರೆಯಲಿ. ಇಲ್ಲದ ಬೋರ್ಡನ್ನು ಕದ್ದದ್ದು ಹೇಗೆ ಅಂತ ಠಾಣೆಯಲ್ಲೂ ಕೇಳುತ್ತಾಳೆ.

ಇದನ್ನು ಓದುತ್ತಿರುವ ನಿಮಗೆ ಅವಳ ಮೇಲೆ ಕನಿಕರ ಹುಟ್ಟಿದ್ದರೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅವಳು ಅದನ್ನು ಕೇಳಿಲ್ಲ. ನೀವು ಅಂಥ ಸಂಸ್ಥೆಯಲ್ಲಿ ಓದಿದವರಿರಬಹುದು, ಕಲಿಸುವವರಿರಬಹುದು, ನಿಮ್ಮ ಮಗಳನ್ನು ಅಲ್ಲಿಗೆ ಕಳಿಸಿದವರಿರಬಹುದು, ಅದು ನಡೆಯಲು ತೆರಿಗೆ ಕಟ್ಟುವವರಂತೂ ಹೌದು. ತಪ್ಪು ಎಲ್ಲರದೂ ಸ್ವಲ್ಪ ಸ್ವಲ್ಪ ಅಂತ ಸರಾಸರಿ ತೆಗೆದು ನಡುವೆ ಹೋಗಿ ಕೂರಬೇಡಿ. ಕಾವು ಏರಿದ ಮೇಲೆ ಆ ಹಾಳೆಯ ನಡುವೆ ಒಂದು ಸೂಜಿಯೂ ಕೂರಲಿಲ್ಲ. ಒಂದು ಕಾಗದ ತೆಗೆದುಕೊಳ್ಳಿ. ತಿದ್ದುಪಡಿಯ ಮೂರನೇ ಸಾಲು ಸುಳ್ಳು, ಅದನ್ನು ತೆಗೆಯಿರಿ, ಪ್ರೋಗ್ರಾಮಿನ ತಿರುಗಿಸುವ ಸಾಲು ಅಳಿಸಿದವನು ಯಾರು, ಬೇಡ ಅಂದವಳು ಯಾರು ಅಂತ ಹೆಸರು ಹಾಕಿ ಅದೇ ಪತ್ರಿಕೆಯಲ್ಲಿ ಅಚ್ಚು ಮಾಡಿ, ಅರವತ್ತೊಂದು ದಿನದ ಕೂಲಿ ಕೊಡಿ ಎಂದು ಆ ಸಂಸ್ಥೆಗೆ ಬರೆಯಿರಿ. ಕೆಳಗೆ ನಿಮ್ಮ ಪೂರ್ತಿ ಹೆಸರು, ವಿಳಾಸ ಹಾಕಿ. ಇವತ್ತೇ ಕಳಿಸಿ. ಕಳಿಸುತ್ತೀರೋ ಇಲ್ಲವೋ, ಹೇಳಿ.